ಬಳ್ಳಾರಿ ಸೀಮೆಯಲ್ಲಿ ವಿವಾಹವಿಚ್ಛೇದನದ ದಾಖಲೆಗಳು

ವಿವಾಹವು ಹತ್ತು ಜನರ ಮುಂದೆ ನಡೆಯತಕ್ಕ ಕಾರ್ಯ. ಹಂದರ ಹಾಕಿದವರು, ಲಗ್ನಪತ್ರಿಕೆ ಬರೆದವರು, ಓಲಗ ಊದಿದವರು, ಉಂಡು ಹರಸಿದವರು ಇವರೆಲ್ಲರೂ ಅದಕ್ಕೆ ಸಾಕ್ಷಿಗಳು. ಅದೇ ವಿವಾಹವು ಮುರಿಯುವುದಾದರೋ ಮುಚ್ಚಿದ ಬಾಗಿಲಿನ ಹಿಂದೆ. ಅದನ್ನು ಕಂಡವರು ಕಡಮೆ. ಕಂಡವರೂ ಬಾಯಿಬಿಟ್ಟು ಹೇಳಲೊಲ್ಲರು. ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ, ಪಿಂಚಣಿಗಾಗಿಯೋ ಹೊಲದ ಪಾಲಿಗಾಗಿಯೋ ವ್ಯಾಜ್ಯ ಹುಟ್ಟಿ, ಈಕೆಗೆ ಮೊದಲ ಗಂಡನಿಂದ ಬಿಡುಗಡೆ ಆಗಿದ್ದಿತೇ ಎಂಬ ಪ್ರಶ್ನೆ ಬಂದಿತೆಂದರೆ, ಅದಕ್ಕೆ ನಿಸ್ಸಂಶಯವಾದ ಉತ್ತರ ಕೊಡಬಲ್ಲುದು ಒಂದು ಕಾಗದ ಮಾತ್ರ. ಆ ಕಾಗದವು ಯಾರಿಗೆ ದೊರೆಯಿತು, ಯಾರಿಗೆ ದೊರೆಯದೆ ಹೋಯಿತು ಎಂಬುದನ್ನು ವಿಚಾರಿಸುತ್ತ ಹೋದರೆ ಬಳ್ಳಾರಿ ಸೀಮೆಯ ಎರಡು ಶತಮಾನಗಳ ಚರಿತ್ರೆಯ ಒಂದು ಮುಖವು ಕಾಣಬರುವುದು.

ಈ ಚರಿತ್ರೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಒಂದು ವೈಪರೀತ್ಯ. ಸಿರುಗುಪ್ಪ, ಕುರುಗೋಡುಗಳ ಸುತ್ತಣ ಹಳ್ಳಿಗಳಲ್ಲಿ ಹಲವು ಕುಲಗಳವರಿಗೆ ಬಿಡುಗಡೆಯು ಸುಲಭವಾಗಿದ್ದಿತು; ಅವರ ಬಳಿ ದಾಖಲೆಯಿಲ್ಲ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ವಾಸವಾಗಿದ್ದ ಕ್ರೈಸ್ತರಿಗೆ ಅದು ಬಹು ಕಷ್ಟವಾಗಿದ್ದಿತು; ಅವರಲ್ಲಿ ಯಾರಿಗೆ ದೊರೆಯಿತೋ ಅವರ ದಾಖಲೆಯು ಮದ್ರಾಸಿನವರೆಗೂ ಹೋಗಿ ಭದ್ರವಾಯಿತು. ಹೀಗೇಕಾಯಿತೆಂಬುದನ್ನು ತಿಳಿಯಬೇಕಾದರೆ ಶಾಸ್ತ್ರ, ರೂಢಿ, ಶಾಸನ ಈ ಮೂರನ್ನೂ ಕ್ರಮವಾಗಿ ನೋಡಬೇಕು.

ಹಿಂದೂ ವಿವಾಹವು ಸಂಸ್ಕಾರವಾದುದರಿಂದ ಅದಕ್ಕೆ ಬಿಡುಗಡೆಯೇ ಇಲ್ಲವೆಂದು ಹೇಳುವುದು ವಾಡಿಕೆ. ಆದರೆ ಶಾಸ್ತ್ರಗ್ರಂಥಗಳ ಮಾತು ಅಷ್ಟು ಏಕರೂಪವಾಗಿಲ್ಲ. ಪತಿಯು ಕಾಣೆಯಾದರೆ, ಮೃತನಾದರೆ, ಸಂನ್ಯಾಸಿಯಾದರೆ, ಕ್ಲೀಬನಾದರೆ, ಪತಿತನಾದರೆ, ಈ ಐದು ಆಪತ್ತುಗಳಲ್ಲಿ ಸ್ತ್ರೀಗೆ ಬೇರೊಬ್ಬ ಪತಿಯುಂಟೆಂದು ನಾರದ ಪರಾಶರ ಸ್ಮೃತಿಗಳು ಹೇಳುವುವು. ಪರಸ್ಪರ ದ್ವೇಷವಿದ್ದಲ್ಲಿ ಮೋಕ್ಷವಾಗಬಹುದೆಂದು ಕೌಟಿಲ್ಯನ ಅರ್ಥಶಾಸ್ತ್ರವು ಒಪ್ಪಿ, ಧರ್ಮವಿವಾಹಗಳಿಗೆ ಮಾತ್ರ ಮೋಕ್ಷವಿಲ್ಲವೆಂದು ವಿಂಗಡಿಸುವುದು. ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಮಾಧವಾಚಾರ್ಯರು ಪರಾಶರಸ್ಮೃತಿಗೆ ವ್ಯಾಖ್ಯಾನ ಬರೆಯುತ್ತ, ಆ ಐದು ಆಪತ್ತುಗಳ ವಚನವು ಬೇರೆ ಯುಗಕ್ಕೆ ಸಂಬಂಧಿಸಿದುದೆಂದು ನಿರ್ಣಯಿಸಿದರು. ಅದೇ ವಚನವನ್ನೇ ಆಧಾರವಾಗಿ ಹಿಡಿದು ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲಿ ವಿಧವಾವಿವಾಹವನ್ನು ಸಮರ್ಥಿಸಿದರು. ಪಂಡಿತರು ವಚನದ ಅರ್ಥವನ್ನು ಚರ್ಚಿಸುತ್ತಿದ್ದ ಕಾಲದಲ್ಲಿಯೂ ಹಳ್ಳಿಯ ಜನರು ತಮ್ಮ ತಮ್ಮ ಕುಲಾಚಾರದಂತೆ ನಡೆದುಕೊಳ್ಳುತ್ತಲೇ ಇದ್ದರು.

ಆ ಆಚಾರವು ಸರಳವಾದುದು. ದಂಪತಿಗಳಿಗೆ ಹೊಂದಿಕೆಯಾಗದಿದ್ದರೆ ಕುಲದ ಹಿರಿಯರು ಕಟ್ಟೆಯ ಮೇಲೆ ಸೇರುವರು. ಎರಡು ಕಡೆಯ ಮಾತುಗಳನ್ನೂ ಕೇಳಿ, ತೆರ ಕೊಟ್ಟಿದ್ದರೆ ಅದರ ಲೆಕ್ಕವನ್ನೂ ಒಡವೆ ವಸ್ತ್ರಗಳ ಲೆಕ್ಕವನ್ನೂ ತೀರಿಸಿ, ಬಿಡುಗಡೆ ಆಯಿತೆಂದು ಹೇಳುವರು. ಬಿಡುಗಡೆ ಹೊಂದಿದ ಹೆಂಗಸು ಮತ್ತೆ ಉಡಿಕೆಯಾಗಬಹುದು. ಕೆಲವು ಕಡೆ ಇದನ್ನು ಕೂಡಿಕೆ ಎಂದೂ ಕರೆಯುವರು. ಎಲ್ಲ ಕುಲಗಳಲ್ಲಿಯೂ ಈ ಪದ್ಧತಿಯಿರಲಿಲ್ಲ. ಇದ್ದಲ್ಲಿಯೂ ಒಂದೇ ಬಗೆಯಾಗಿರಲಿಲ್ಲ. ಆದರೆ ಒಂದಂಶವು ಸಾಮಾನ್ಯ: ತೀರ್ಮಾನವು ಬಾಯಿಮಾತಿನದು. ಬರೆವಣಿಗೆ ಆದಲ್ಲಿ ಬಿಡುಗಡೆ ಪತ್ರವೆಂಬ ಒಂದು ಹಾಳೆ. ಧಾರವಾಡದ ಕಡೆ ಇದಕ್ಕೆ ಸೋಡಚೀಟಿ ಎಂದು ಹೆಸರು. ಅದರ ಮೂಲಪ್ರತಿಯು ಮನೆಯ ಪೆಟ್ಟಿಗೆಯಲ್ಲಿ ಸೇರುವುದು. ಗೆದ್ದಲು, ಮಳೆ, ಅಣ್ಣತಮ್ಮಂದಿರ ಪಾಲು ಇವುಗಳಲ್ಲಿ ಯಾವುದಾದರೊಂದು ಅದನ್ನು ಕಳೆಯುವುದು.

1800ನೆಯ ಇಸವಿಯಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ 1807ರವರೆಗೆ ಇಲ್ಲಿಯ ಮುಖ್ಯ ಕಲೆಕ್ಟರನಾಗಿದ್ದನು. 1808ರಲ್ಲಿ ಬಳ್ಳಾರಿಯು ಪ್ರತ್ಯೇಕ ಜಿಲ್ಲೆಯಾಯಿತು. ಮದುವೆ, ದಾಯಭಾಗ, ಜಾತಿ ಇವುಗಳ ವಿಷಯದಲ್ಲಿ ಹಿಂದೂಗಳಿಗೆ ಶಾಸ್ತ್ರವನ್ನೂ ಮುಸಲ್ಮಾನರಿಗೆ ಶರೀಯತನ್ನೂ ಅನುಸರಿಸಬೇಕೆಂಬುದು 1772ರಲ್ಲಿ ಬಂಗಾಳದಲ್ಲಿ ವಾರನ್ ಹೇಸ್ಟಿಂಗ್ಸನು ಹಾಕಿದ ಪದ್ಧತಿ. ಕಂಪನಿಯ ಬೇರೆ ಸೀಮೆಗಳಲ್ಲಿಯೂ ಅದೇ ನಡೆದುಬಂದಿತು. ನ್ಯಾಯಾಲಯಗಳಲ್ಲಿ ಶಾಸ್ತ್ರ ಹೇಳುವುದಕ್ಕೆ ಪಂಡಿತರು ಇದ್ದರು. 1864ರ ಶಾಸನದಿಂದ ಆ ಹುದ್ದೆಗಳು ರದ್ದಾದುವು. ಅಂದಿನಿಂದ ಶಾಸ್ತ್ರವನ್ನು ಅರ್ಥಮಾಡುವ ಹೊಣೆಯು ನ್ಯಾಯಾಧೀಶರದೇ ಆಯಿತು. 1868ರಲ್ಲಿ ಮಧುರೆಯ ಕಡೆಯ ಒಂದು ದತ್ತಕ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲ್ಲು ಮುಖ್ಯವಾದೊಂದು ಸೂತ್ರವನ್ನು ಹಾಕಿಕೊಟ್ಟಿತು. ಸ್ಪಷ್ಟವಾಗಿ ಸಿದ್ಧಪಡಿಸಿದ ರೂಢಿಯು ಗ್ರಂಥವಚನಕ್ಕಿಂತ ಬಲವಾದುದೆಂಬುದೇ ಆ ಸೂತ್ರ. ಕುಲಾಚಾರದಂತೆ ಬಿಡುಗಡೆ ಹೊಂದಿದವರಿಗೆ ಇದು ಅನುಕೂಲವಾದ ಮಾತೇ. ಆದರೆ ರೂಢಿಯನ್ನು ಸಿದ್ಧಪಡಿಸುವುದಕ್ಕೆ ಸಾಕ್ಷ್ಯವು ಬೇಕು. ಸಾಕ್ಷ್ಯವು ಅವರಲ್ಲಿ ಇರಲಿಲ್ಲ.

ಇದರ ಪರಿಣಾಮವು ಹೆಂಗಸಿನ ಮೇಲೆ ಬಿದ್ದಿತು. 1860ರ ದಂಡಸಂಹಿತೆಯ 494ನೆಯ ವಿಧಿಯಂತೆ, ಮೊದಲನೆಯ ವಿವಾಹವು ಜಾರಿಯಲ್ಲಿರುವಾಗ ಮತ್ತೆ ಮದುವೆಯಾದವರಿಗೆ, ಆ ಎರಡನೆಯ ಮದುವೆಯು ಅಸಿಂಧುವಾಗುವುದಾದರೆ, ಏಳು ವರ್ಷಗಳವರೆಗೆ ಕಾರಾಗೃಹವಾಸವನ್ನು ವಿಧಿಸಬಹುದಾಗಿದ್ದಿತು. ಹಿಂದೂ ಪುರುಷನಿಗೆ ಹಲವು ಮದುವೆಗಳು ಆಗ ಧರ್ಮಸಮ್ಮತವಾಗಿದ್ದುದರಿಂದ ಈ ವಿಧಿಯು ಅವನಿಗೆ ತಗುಲುತ್ತಿರಲಿಲ್ಲ. ಕುಲದ ಹಿರಿಯರ ಮಾತನ್ನು ನಂಬಿ ಉಡಿಕೆಯಾದ ಹೆಂಗಸಿಗೆ ತಗುಲುತ್ತಿದ್ದಿತು. 1876ರಲ್ಲಿ ಬೊಂಬಾಯಿಯ ಹೈಕೋರ್ಟು, ಗಂಡನ ಸಮ್ಮತಿಯಿಲ್ಲದೆ ಮದುವೆಯನ್ನು ಮುರಿದು ಹೆಂಡತಿಗೆ ಪುನರ್ವಿವಾಹದ ಅಪ್ಪಣೆ ಕೊಡುವ ಅಧಿಕಾರವು ಜಾತಿಗೆ ಇಲ್ಲವೆಂದು ತೀರ್ಮಾನಿಸಿತು. 1894ರಲ್ಲಿ ಮದ್ರಾಸಿನ ಹೈಕೋರ್ಟು, ಪರಸ್ಪರ ಒಪ್ಪಂದದಿಂದ ಬಿಡುಗಡೆಯಾಗಿ ಮತ್ತೆ ಮದುವೆಯಾಗುವ ಕುಲಾಚಾರದಲ್ಲಿ ಅನೀತಿಯೇನೂ ಇಲ್ಲವೆಂದಿತು. ಬಳ್ಳಾರಿಯು ಮದ್ರಾಸಿಗೆ ಸೇರಿದ್ದುದರಿಂದ ಎರಡನೆಯ ತೀರ್ಪೇ ಇಲ್ಲಿಗೆ ಅನ್ವಯಿಸುತ್ತಿದ್ದಿತು. ಆದರೂ ಗಂಡನು ಒಪ್ಪಿದ್ದನೆಂಬುದಕ್ಕೆ ಗುರುತೇನು ಎಂಬ ಪ್ರಶ್ನೆಯು ಹಾಗೆಯೇ ಉಳಿಯಿತು. 1899ರ ಮುದ್ರಾಶುಲ್ಕ ಶಾಸನದ ಮೂಲಪಟ್ಟಿಯಲ್ಲಿ ವಿವಾಹವಿಚ್ಛೇದನ ಪತ್ರಕ್ಕೆ 1 ರೂಪಾಯಿ ಶುಲ್ಕವನ್ನು ಗೊತ್ತುಮಾಡಿದ್ದಿತು. ಆ ಒಂದು ರೂಪಾಯಿಯ ಕಾಗದವನ್ನು ಕೊಂಡು ಬರೆಸಿಕೊಂಡವರಿಗೆ ಒಂದು ಆಧಾರವಾದರೂ ಇದ್ದಿತು.

ಇನ್ನು ಕಂಟೋನ್ಮೆಂಟಿನ ಕಡೆಗೆ ತಿರುಗಬೇಕು. ಬಳ್ಳಾರಿಯು ಮದ್ರಾಸ್ ಸೈನ್ಯದ ದೊಡ್ಡ ಠಾಣ್ಯಗಳಲ್ಲಿ ಒಂದು. ಯೂರೋಪಿಯನ್ ಸಿಪಾಯಿಗಳು, ಅಧಿಕಾರಿಗಳು, ಆಂಗ್ಲೋ ಇಂಡಿಯನ್ ಕುಟುಂಬಗಳು, ದೇಶೀಯ ಕ್ರೈಸ್ತರು ಇಲ್ಲಿ ವಾಸವಾಗಿದ್ದರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದು ನೆಲಸಿ ಬೈಬಲನ್ನು ಕನ್ನಡಕ್ಕೆ ತಂದನು. ಈ ಕ್ರೈಸ್ತ ಸಮಾಜದ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ಲೆಕ್ಕವು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದಿತು. ಆ ಸಂಪುಟಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವುವು. ಹುಟ್ಟು, ಮದುವೆ, ಸಾವುಗಳಿಗೆ ಹೀಗೆ ಲೆಕ್ಕವಿದ್ದರೂ ಬಿಡುಗಡೆಗೆ ದಾರಿಯೇ ಇರಲಿಲ್ಲ. ಇಂಗ್ಲೆಂಡಿನಲ್ಲಿಯೇ ಸಾಮಾನ್ಯ ನ್ಯಾಯಾಲಯದಲ್ಲಿ ವಿವಾಹವಿಚ್ಛೇದನಕ್ಕೆ ಅವಕಾಶವಾದುದು 1857ರ ಶಾಸನದಿಂದ. ಭಾರತದಲ್ಲಿ 1869ರ ಏಪ್ರಿಲ್ 1ರಿಂದ ಭಾರತೀಯ ವಿವಾಹವಿಚ್ಛೇದನ ಶಾಸನವು ಜಾರಿಗೆ ಬಂದಿತು.

ಆ ಶಾಸನದ ಕ್ರಮವು ಗಮನಿಸತಕ್ಕುದು. ಅರ್ಜಿಯನ್ನು ಜಿಲ್ಲಾ ನ್ಯಾಯಾಲಯದಲ್ಲಿಯೇ ಕೊಡಬಹುದು; ಆದರೆ ಜಿಲ್ಲಾ ನ್ಯಾಯಾಧೀಶನು ಕೊಟ್ಟ ಡಿಕ್ರಿಯು ಹೈಕೋರ್ಟು ಸ್ಥಿರಪಡಿಸುವವರೆಗೆ ಪೂರ್ಣವಾಗದು. ಕಡತವು ಬಳ್ಳಾರಿಯಿಂದ ಮದ್ರಾಸಿಗೆ ಹೋಗಿ, ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ವಿಚಾರಣೆಯಾಗಬೇಕು. ಕಾರಣಗಳಲ್ಲಿಯೂ ಸಮತೆಯಿರಲಿಲ್ಲ. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕು. ಹೆಂಡತಿಯಾದರೋ ಗಂಡನ ವ್ಯಭಿಚಾರದೊಡನೆ ಕ್ರೌರ್ಯವನ್ನೋ ಎರಡು ವರ್ಷಗಳ ಪರಿತ್ಯಾಗವನ್ನೋ ಅಂತಹ ಮತ್ತೊಂದು ದೋಷವನ್ನೋ ತೋರಿಸಬೇಕು. ಈ ಎರಡು ನಿಯಮಗಳೂ 2001ರ ತಿದ್ದುಪಡಿಯವರೆಗೆ ನಡೆದುಬಂದುವು. ಆಗ ಶಾಸನದ ಹೆಸರಿನಿಂದ ‘ಭಾರತೀಯ’ ಎಂಬ ಮಾತೂ ಹೋಯಿತು. ಹೀಗೆ ಕ್ರೈಸ್ತ ಸ್ತ್ರೀಗೆ ಬಿಡುಗಡೆಯು ದುರ್ಲಭವಾಗಿದ್ದರೂ ದೊರೆತ ಬಿಡುಗಡೆಗೆ ಜಿಲ್ಲೆಯಲ್ಲಿ ಒಂದು, ಹೈಕೋರ್ಟಿನಲ್ಲಿ ಒಂದು ಎಂದು ಎರಡು ಕಡೆ ದಾಖಲೆಯಿದ್ದಿತು.

ಇಷ್ಟು ಭದ್ರವಾದ ದಾಖಲೆಯೂ ಒಮ್ಮೆ ಅಲುಗಾಡಿತು. ಇಂಗ್ಲೆಂಡನ್ನೇ ಖಾಯಂ ನೆಲೆಯಾಗಿ ಉಳ್ಳವರಿಗೆ ಭಾರತದ ನ್ಯಾಯಾಲಯವು ಕೊಟ್ಟ ವಿಚ್ಛೇದನವು ಅಲ್ಲಿ ಸಲ್ಲದೆಂದು 1921ರಲ್ಲಿ ಲಂಡನ್ನಿನ ನ್ಯಾಯಾಲಯವು ತೀರ್ಮಾನಿಸಿತು. ಆವರೆಗೆ ವಿಚ್ಛೇದನ ಪಡೆದು ಮತ್ತೆ ಮದುವೆಯಾಗಿದ್ದ ಯೂರೋಪಿಯನ್ನರ ಸ್ಥಿತಿಯು ಸಂದಿಗ್ಧವಾಯಿತು. ಬ್ರಿಟಿಷ್ ಪಾರ್ಲಿಮೆಂಟು ಅದೇ ವರ್ಷದಲ್ಲಿಯೇ ಒಂದು ಶಾಸನವನ್ನು ಮಾಡಿ ಹಿಂದಿನ ಡಿಕ್ರಿಗಳನ್ನು ಸಿಂಧುಗೊಳಿಸಿತು. 1926ರಲ್ಲಿ ಮುಂದಿನ ವ್ಯವಸ್ಥೆಯನ್ನೂ ಮಾಡಿತು. ಕಂಟೋನ್ಮೆಂಟಿನ ಬಂಗಲೆಯವರ ಕಾಗದಕ್ಕೆ ಬಂದ ಸಂದೇಹವು ವರ್ಷವೊಂದರಲ್ಲಿ ತೀರಿತು. ಅಲ್ಲಿಂದ ಕೆಲವು ಹರದಾರಿ ದೂರದ ಹಳ್ಳಿಯ ಉಡಿಕೆಯ ಹೆಂಗಸಿಗೆ ಬಂದ ಸಂದೇಹವನ್ನು ತೀರಿಸುವುದಕ್ಕೆ ಅಂತಹ ಶಾಸನವು ಹುಟ್ಟಲಿಲ್ಲ.

ಮುಸಲ್ಮಾನರ ವಿಷಯವು ಬೇರೆ. ತಲಾಕು, ಖುಲಾಗಳು ನ್ಯಾಯಾಲಯದ ಹೊರಗೆ ನಡೆಯುತ್ತಿದ್ದುವು. 1864ರ ಶಾಸನದ ತರುವಾಯ ಖಾಜಿಗಳನ್ನು ಸರ್ಕಾರವು ನೇಮಿಸುವುದು ನಿಂತಿದ್ದರಿಂದ ತೊಂದರೆಯುಂಟಾಗಿ, 1880ರಲ್ಲಿ ಖಾಜಿಗಳ ಶಾಸನವಾಯಿತು. ಅದು ಮೊಟ್ಟಮೊದಲು ಅನ್ವಯಿಸಿದುದು ಮದ್ರಾಸ್ ಪ್ರಾಂತ್ಯಕ್ಕೆ. ಆದಕಾರಣ ಬಳ್ಳಾರಿಗೂ ಅನ್ವಯಿಸಿತು. ನಿಕಾಹ್ ನಡೆಸಿದ ಖಾಜಿಯ ಪುಸ್ತಕದಲ್ಲಿ ಮದುವೆಯ ದಾಖಲೆಯು ದೊರೆಯಬಹುದು. ಗಂಡನು ಬಿಟ್ಟುಹೋದ, ಜೀವನಾಂಶ ಕೊಡದ, ಕ್ರೌರ್ಯ ನಡಸಿದ ಸಂದರ್ಭಗಳಲ್ಲಿ ಹೆಂಡತಿಯೇ ದಾವೆ ಹಾಕಿ ಬಿಡುಗಡೆ ಪಡೆಯುವ ಹಕ್ಕು 1939ರ ಮುಸ್ಲಿಂ ವಿವಾಹ ವಿಸರ್ಜನ ಶಾಸನದಿಂದ ಸ್ಪಷ್ಟವಾಯಿತು. ಅಲ್ಲಿಂದೀಚೆಗೆ ಆಕೆಗೂ ನ್ಯಾಯಾಲಯದ ಡಿಕ್ರಿಯೆಂಬ ಕಾಗದವು ದೊರೆಯತೊಡಗಿತು.

ಹಿಂದೂಗಳಿಗೆ ಶಾಸನದಿಂದ ವಿಚ್ಛೇದನದ ಹಕ್ಕು ಬಂದುದು ಕನ್ನಡ ನಾಡಿನ ಎಲ್ಲ ಭಾಗಗಳಲ್ಲಿಯೂ ಏಕಕಾಲದಲ್ಲಿ ಅಲ್ಲ. ಬೊಂಬಾಯಿ ಪ್ರಾಂತ್ಯದಲ್ಲಿ 1947ರಲ್ಲಿ ಹಿಂದೂ ವಿವಾಹವಿಚ್ಛೇದನ ಶಾಸನವಾದುದರಿಂದ ಧಾರವಾಡ, ಬೆಳಗಾವಿ, ವಿಜಾಪುರಗಳವರಿಗೆ ಮೊದಲು ದೊರೆಯಿತು. ಮದ್ರಾಸ್ ಪ್ರಾಂತ್ಯವು 1949ರಲ್ಲಿ ದ್ವಿಪತ್ನೀತ್ವವನ್ನು ನಿಷೇಧಿಸಿ ವಿಚ್ಛೇದನಕ್ಕೆ ಅವಕಾಶ ಕೊಡುವ ಒಂದೇ ಶಾಸನವನ್ನು ಮಾಡಿತು. ಬಳ್ಳಾರಿಗೂ ಮಂಗಳೂರಿಗೂ ಇದು ಅನ್ವಯಿಸಿತು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ ಆಸ್ತಿಯ ವಿಷಯದಲ್ಲಿ ಮುಂದಾಗಿದ್ದರೂ ಅದರಲ್ಲಿ ವಿಚ್ಛೇದನದ ಹಕ್ಕು ಇರಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿದಾಗ ಮದ್ರಾಸಿನ ಶಾಸನವು ತಾನಾಗಿ ಅಳಿಯಲಿಲ್ಲ. 1955ರ ಮೇ 18ರಂದು ಹಿಂದೂ ವಿವಾಹ ಶಾಸನವು ಜಾರಿಗೆ ಬಂದು ಬೊಂಬಾಯಿ, ಮದ್ರಾಸುಗಳ ಈ ಶಾಸನಗಳನ್ನು ಹೆಸರಿಸಿ ರದ್ದುಮಾಡಿತು. ಆ ನಡುವಣ ಒಂದೂವರೆ ವರ್ಷ, ಮೈಸೂರು ರಾಜ್ಯದೊಳಗಿದ್ದ ಬಳ್ಳಾರಿಯ ಹೆಂಗಸಿಗೆ ಇದ್ದ ಹಕ್ಕು ಮೈಸೂರು ನಗರದ ಹೆಂಗಸಿಗೆ ಇರಲಿಲ್ಲ.

ಜಿಲ್ಲೆಯ ಈ ಸ್ಥಾನಾಂತರವನ್ನು ತಿಳಿಯದೆ ಹಳೆಯ ದಾಖಲೆಯನ್ನು ಹುಡುಕಹೊರಟವನು ದಾರಿ ತಪ್ಪುವನು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಅದಕ್ಕೆ ಮುಂಚೆ ಆದೋನಿಯೂ ಬಳ್ಳಾರಿ ಜಿಲ್ಲೆಯೇ. 2021ರಲ್ಲಿ ಹೊಸಪೇಟೆಯ ಕಡೆಯ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾದುವು. ಕುರುಗೋಡು ಪ್ರತ್ಯೇಕ ತಾಲ್ಲೂಕಾದುದು ಈಚಿನ ಸಂಗತಿ. ಮೇಲ್ಮನವಿಯ ನ್ಯಾಯಾಲಯವು 1953ರವರೆಗೆ ಮದ್ರಾಸಿನಲ್ಲಿ, ಅನಂತರ ಬೆಂಗಳೂರಿನಲ್ಲಿ, 2008ರ ಜುಲೈ ತಿಂಗಳಿನಿಂದ ಧಾರವಾಡದ ಪೀಠದಲ್ಲಿ. ಹೀಗೆ ಒಂದೇ ಮನೆತನದ ಮೂರು ತಲೆಮಾರಿನ ಮೂರು ವಿಚ್ಛೇದನಗಳು ಅಪೀಲಿಗೆ ಹೋಗಿದ್ದರೆ ಅವುಗಳ ಕಡತಗಳು ಮೂರು ಊರುಗಳಲ್ಲಿರುವುದು ಸಾಧ್ಯ. ಆದುದರಿಂದ ಮೊದಲು ಗೊತ್ತುಮಾಡಿಕೊಳ್ಳಬೇಕಾದುದು ತೀರ್ಪಿನ ವರ್ಷ. ಆ ಕಾಲದಲ್ಲಿ ಆ ಊರು ಯಾವ ನ್ಯಾಯಾಲಯದ ಅಧಿಕಾರಕ್ಕೆ ಒಳಪಟ್ಟಿದ್ದಿತೆಂಬುದು ಎರಡನೆಯದು. ಮೊಕದ್ದಮೆಯ ಸಂಖ್ಯೆಯು ಮೂರನೆಯದು. ಕರ್ನಾಟಕದಲ್ಲಿ ಹಿಂದೂ ವಿವಾಹ ಶಾಸನದ ಅರ್ಜಿಗಳು ಎಂ.ಸಿ. ಎಂಬ ಶ್ರೇಣಿಯಲ್ಲಿ ನೋಂದಣಿಯಾಗುವುವು. ಸಂಖ್ಯೆಯು ತಿಳಿಯದಿದ್ದರೆ ಆ ವರ್ಷದ ನೋಂದಣಿ ಪುಸ್ತಕದಲ್ಲಿ ಕಕ್ಷಿಗಾರರ ಹೆಸರುಗಳಿಂದ ಹುಡುಕಬೇಕಾಗುವುದು. ಅಲ್ಲಿ ಮನೆತನದ ಹೆಸರು ಮುಂದೋ ಹಿಂದೋ ಬಂದಿರಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಹೆಸರು ಎರಡು ಮೂರು ಬಗೆಯಾಗಿ ಬರೆಯಲ್ಪಟ್ಟಿರಬಹುದು. ಈಚಿನ ಮೊಕದ್ದಮೆಗಳಿಗೆ ಗಣಕಯಂತ್ರದಲ್ಲಿ 16 ಅಕ್ಷರಾಂಕಗಳ ಒಂದು ಗುರುತು ಇರುವುದರಿಂದ ಈ ಶ್ರಮವು ತಪ್ಪಿದೆ.

ತೀರ್ಮಾನವಾದ ಕಡತವು ದಫ್ತರಖಾನೆಗೆ ಹೋಗುವುದು. ಅಲ್ಲಿ ಎಲ್ಲ ಕಾಗದಗಳಿಗೂ ಒಂದೇ ಆಯುಸ್ಸಲ್ಲ. ನಿರುಪಯುಕ್ತವಾದ ದಾಖಲೆಗಳನ್ನು ಗೊತ್ತಾದ ಕಾಲ ಕಳೆದಮೇಲೆ ನಾಶಪಡಿಸುವುದಕ್ಕೆ 1917ರ ಶಾಸನವು ನ್ಯಾಯಾಲಯಗಳಿಗೆ ಅಧಿಕಾರ ಕೊಟ್ಟಿತು. ಲಗ್ನಪತ್ರಿಕೆ, ಭಾವಚಿತ್ರ ಮೊದಲಾದ ಮೂಲ ಪತ್ರಗಳನ್ನು ಅಪೀಲಿನ ಅವಧಿ ತೀರಿದ ಮೇಲೆ ಕಕ್ಷಿಗಾರರು ಹಿಂದಕ್ಕೆ ಪಡೆಯಬಹುದು. ಪಡೆಯದಿದ್ದರೆ ಅವು ನಷ್ಟವಾಗುವ ಸಂಭವವುಂಟು. ಕಕ್ಷಿಗಾರರು ಜೋಪಾನವಾಗಿ ಇಟ್ಟುಕೊಳ್ಳಬೇಕಾದುದು ಡಿಕ್ರಿಯ ದೃಢೀಕೃತ ನಕಲು. 1976ರ ತಿದ್ದುಪಡಿಯಂತೆ ಹಿಂದೂ ವಿವಾಹ ಶಾಸನದ ಡಿಕ್ರಿಯ ಒಂದು ನಕಲನ್ನು ನ್ಯಾಯಾಲಯವು ಎರಡು ಕಕ್ಷಿಗಳಿಗೂ ಉಚಿತವಾಗಿ ಕೊಡತಕ್ಕುದು. ಹೆಚ್ಚಿನ ಪ್ರತಿ ಬೇಕಾದವರು ಸಂಖ್ಯೆ, ವರ್ಷ, ಕಕ್ಷಿಗಾರರ ಹೆಸರು, ತೀರ್ಪಿನ ದಿನ ಇವುಗಳನ್ನು ಬರೆದು ನಕಲಿಗಾಗಿ ಅರ್ಜಿ ಕೊಟ್ಟು ಶುಲ್ಕ ಸಲ್ಲಿಸಬೇಕು. ಅದೇ ತಿದ್ದುಪಡಿಯಿಂದ ಈ ಮೊಕದ್ದಮೆಗಳ ವಿಚಾರಣೆಯು ಗುಪ್ತವಾಗಿ ನಡೆಯಬೇಕೆಂದೂ ಅದರ ವಿವರಗಳನ್ನು ಅಚ್ಚುಮಾಡಕೂಡದೆಂದೂ ಆಯಿತು. ಹೈಕೋರ್ಟು, ಸರ್ವೋಚ್ಚ ನ್ಯಾಯಾಲಯಗಳ ತೀರ್ಪುಗಳನ್ನು ಮಾತ್ರ ಅವುಗಳ ಪೂರ್ವಾನುಮತಿಯಿಂದ ಪ್ರಕಟಿಸಬಹುದು. ಚರಿತ್ರೆ ಬರೆಯುವವರಿಗೆ ಇದರಿಂದ ಅಡಚಣೆಯಾದರೂ ನೊಂದ ಮನೆಗಳವರಿಗೆ ಇದು ಅವಶ್ಯವಾದ ಮರೆ.

ಹೊಸದಾಗಿ ಅರ್ಜಿ ಕೊಡುವವರ ದಾರಿಯೂ ಮೊದಲಿಗಿಂತ ಸುಗಮವಾಗಿದೆ. ಮದುವೆ ನಡೆದ ಸ್ಥಳ, ಎದುರು ಕಕ್ಷಿಯ ವಾಸಸ್ಥಳ, ದಂಪತಿಗಳು ಕಡೆಯ ಬಾರಿ ಕೂಡಿ ಬಾಳಿದ ಸ್ಥಳ ಇವುಗಳಲ್ಲಿ ಯಾವುದಾದರೊಂದರ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದೆಂಬುದು ಹಳೆಯ ನಿಯಮ. ತೌರಿಗೆ ಬಂದು ನೆಲಸಿದ ಹೆಂಡತಿಯು ತಾನಿರುವ ಸ್ಥಳದಲ್ಲಿಯೇ ಕೊಡಬಹುದೆಂದು 2003ರಲ್ಲಿ ಸೇರಿತು. ಪರಸ್ಪರ ಸಮ್ಮತಿಯ ವಿಚ್ಛೇದನವು 1976ರಲ್ಲಿ ಶಾಸನಕ್ಕೆ ಬಂದಿತು. ಕಟ್ಟೆಯ ಮೇಲೆ ಬಹುಕಾಲದಿಂದ ನಡೆಯುತ್ತಿದ್ದುದನ್ನು ಶಾಸನವು ಅಷ್ಟು ತಡವಾಗಿ ಒಪ್ಪಿತೆನ್ನಬಹುದು. 1984ರ ಶಾಸನದಂತೆ ಸ್ಥಾಪಿತವಾದ ಕುಟುಂಬ ನ್ಯಾಯಾಲಯವು ಬಳ್ಳಾರಿಯಲ್ಲಿಯೂ ಇದೆ. ಅದು ಮೊದಲು ಸಂಧಾನಕ್ಕೆ ಪ್ರಯತ್ನಿಸಬೇಕೆಂಬುದು ಆ ಶಾಸನದ ಆಶಯ.

ಇಷ್ಟಾದರೂ ಕುಲಾಚಾರದ ಬಿಡುಗಡೆಯು ಮುಗಿದ ಕಥೆಯಲ್ಲ. 1955ರ ಶಾಸನದ 29ನೆಯ ವಿಧಿಯು ಅದನ್ನು ಉಳಿಸಿದೆ. ಆದರೆ 2002ರಲ್ಲಿ ಕರ್ನಾಟಕದಿಂದ ಹೋದ ಒಂದು ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ರೂಢಿಯು ಸಾಮಾನ್ಯ ನಿಯಮಕ್ಕೆ ಅಪವಾದವಾದುದರಿಂದ ಅದನ್ನು ಹೇಳಿಕೊಂಡ ಕಕ್ಷಿಯೇ ಸ್ಪಷ್ಟವಾಗಿ ನಿವೇದಿಸಿ ಸಾಕ್ಷ್ಯದಿಂದ ಸಿದ್ಧಪಡಿಸಬೇಕೆಂದು ಹೇಳಿತು. ಬಿಡುಗಡೆ ಪತ್ರವೊಂದನ್ನೇ ತೋರಿಸಿದರೆ ಸಾಲದು. ಆ ಕುಲದಲ್ಲಿ ಆ ರೂಢಿಯು ಇದೆಯೆಂಬುದೂ ಸಿದ್ಧವಾಗಬೇಕು. ಸಿದ್ಧವಾಗದಿದ್ದರೆ ಎರಡನೆಯ ಮದುವೆಯೇ ಅಸಿಂಧುವಾಗುವುದು. ಅಂತಹ ಮದುವೆಯ ಮಕ್ಕಳನ್ನು ಶಾಸನವು ಕೈಬಿಟ್ಟಿಲ್ಲ. ತಂದೆತಾಯಿಗಳ ಪಾಲಿಗೆ ಬರತಕ್ಕ ಆಸ್ತಿಯಲ್ಲಿ ಅವರಿಗೆ ಹಕ್ಕುಂಟೆಂದು 2023ರಲ್ಲಿ, ಇದೂ ಕರ್ನಾಟಕದ ವ್ಯಾಜ್ಯವೇ, ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ತಾಯಿಗೆ ಮಾತ್ರ ಹೆಂಡತಿಯೆಂಬ ಸ್ಥಾನವು ದೊರೆಯದೆ ಹೋಗಬಹುದು.

ಇದಕ್ಕೆ ಪರಿಹಾರವು ಶಾಸನದಲ್ಲಿಯೇ ಇದೆ, ತಿಳಿದವರು ಕಡಮೆ. ಒಬ್ಬರ ವೈವಾಹಿಕ ಸ್ಥಿತಿ ಏನೆಂಬುದನ್ನು ಘೋಷಿಸುವ ಅಧಿಕಾರವು ಕುಟುಂಬ ನ್ಯಾಯಾಲಯಕ್ಕೆ 1984ರ ಶಾಸನದ 7ನೆಯ ವಿಧಿಯಿಂದ ಬಂದಿದೆ. ಕುಲಾಚಾರದಂತೆ ಬಿಡುಗಡೆಯಾದವರು ಅಲ್ಲಿ ದಾವೆ ಹೂಡಿ, ರೂಢಿಯನ್ನೂ ಬಿಡುಗಡೆಯನ್ನೂ ಸಿದ್ಧಪಡಿಸಿ, ಘೋಷಣೆಯ ಡಿಕ್ರಿಯನ್ನು ಪಡೆಯಬಹುದು. ಕಂಟೋನ್ಮೆಂಟಿನವರಿಗೆ 1869ರಿಂದ ಇದ್ದ ಭದ್ರತೆಯು ಕುರುಗೋಡಿನ ಹಳ್ಳಿಯ ಹೆಂಗಸಿಗೂ ಹೀಗೆ ದೊರೆಯುವುದು. ವಿದ್ಯಾವಂತರಾದ ಮನೆಯವರು ತಮ್ಮ ನೆರೆಹೊರೆಯಲ್ಲಿ ಅಂತಹವರಿದ್ದರೆ ಈ ಮಾತನ್ನು ತಿಳಿಸಿ ಅರ್ಜಿ ಬರೆಸಿಕೊಡುವುದು ದೊಡ್ಡ ಉಪಕಾರವಾಗುವುದು. ಈ ಕಾರ್ಯಕ್ಕೆ ಬೇಕಾದ ಮುಖ್ಯ ಸಾಕ್ಷಿಗಳೆಂದರೆ ಅಂದು ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು. ಅವರಿಗೆ ವಯಸ್ಸಾಗುತ್ತಿದೆ, ಅವರ ಮಾತು ನ್ಯಾಯಾಲಯದ ಪುಸ್ತಕದಲ್ಲಿ ಸೇರಬೇಕಾದರೆ ಅವರು ಬದುಕಿರುವಾಗಲೇ ಸೇರಬೇಕು.